ಹೋಮ್ ಥಿಯೇಟರ್ ಗೋಡೆಯೊಳಗೆ ಏನು ತುಂಬಿಸಬೇಕು?

ಮನೆಯ ಒಂದು ಕೋಣೆಯನ್ನು ಹೋಮ್ ಥಿಯೇಟರ್ ಮಾಡಿಸಲು ಹೊರಟವರು ಇಂಟೀರಿಯರ್ ಗುತ್ತಿಗೆದಾರರನ್ನು ಸಾಮಾನ್ಯವಾಗಿ ಮೊದಲು ಕೇಳುವುದು, ಗೋಡೆಗೆ ಯಾವ ಸೌಂಡ್‌ಪ್ರೂಫ್ ಮಟೀರಿಯಲ್ ಹಾಕಿಸಬೇಕು ಎಂದು. ಅದಕ್ಕೆ ಉತ್ತರ ಹುಡುಕುವ ಮೊದಲು ಎರಡು ಕೆಲಸಗಳನ್ನು ಬೇರ್ಪಡಿಸಿಕೊಳ್ಳಬೇಕು. ಕೋಣೆಯೊಳಗಿನ ಪ್ರತಿಧ್ವನಿಯನ್ನು ತಗ್ಗಿಸಿ ಸಂಭಾಷಣೆ ಸ್ಪಷ್ಟವಾಗಿ ಕೇಳುವಂತೆ ಮಾಡುವುದು ಒಂದು ಕೆಲಸ. ಒಳಗಿನ ಶಬ್ದ ಪಕ್ಕದ ಮನೆಗೂ ಮೇಲಿನ ಮಹಡಿಗೂ ಹೋಗದಂತೆ ತಡೆಯುವುದು ಇನ್ನೊಂದು. ಮೊದಲನೆಯದಕ್ಕೆ ಗೋಡೆಯ ಮೇಲೆ ಮೆತ್ತನೆಯ ಪ್ಯಾನೆಲ್ ಅಂಟಿಸಿದರೆ ಸಾಕು. ಎರಡನೆಯದಕ್ಕೆ ಭಾರ, ಅಂತರ, ಬಿರುಕಿಲ್ಲದ ಮುಚ್ಚುಗೆ ಮತ್ತು ಗೋಡೆಯೊಳಗಿನ ಇನ್ಸುಲೇಶನ್ ನಾಲ್ಕೂ ಬೇಕು. ಈ ಬರಹ ಎರಡನೆಯ ಕೆಲಸವನ್ನು ಕುರಿತದ್ದು.

ಎಷ್ಟು ಶಬ್ದವನ್ನು ತಡೆಯಬೇಕು ಎಂಬ ಅಂದಾಜು ಮೊದಲು ಇರಲಿ. ಚಿತ್ರಮಂದಿರದ ಮಾನಕ ಮಟ್ಟದಲ್ಲಿ ಒಂದೊಂದು ಸ್ಪೀಕರ್ ಗರಿಷ್ಠ 105 ಡೆಸಿಬೆಲ್, ಸಬ್‌ವೂಫರ್ 115 ಡೆಸಿಬೆಲ್ ತಲುಪುತ್ತವೆ. ಮನೆಯಲ್ಲಿ ಅಷ್ಟು ಜೋರಾಗಿ ಹಾಕುವವರು ಕಡಿಮೆ. ಆದರೂ ಸಾಹಸ ದೃಶ್ಯಗಳಲ್ಲಿ 85–90 ಡೆಸಿಬೆಲ್ ದಾಟುವುದು ಸಾಮಾನ್ಯ. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿತಿ 45 ಡೆಸಿಬೆಲ್. ಪಕ್ಕದವರ ಮಲಗುವ ಕೋಣೆ ನಿಶ್ಶಬ್ದವಾಗಿರುವಾಗ ಅದಕ್ಕಿಂತ ಕಡಿಮೆ ಶಬ್ದವೂ ಅವರ ನಿದ್ದೆ ಕೆಡಿಸಬಲ್ಲದು.

ಎರಡೂ ಬದಿ ಗಾರೆ ಮಾಡಿದ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಮಾತಿನಂಥ ಶಬ್ದವನ್ನು ಸುಮಾರು 45 ಡೆಸಿಬೆಲ್‌ನಷ್ಟು ತಗ್ಗಿಸುತ್ತದೆ. ಬೆಂಗಳೂರಿನ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಹೆಚ್ಚಾಗಿ ಬಳಸುವ ಎಎಸಿ ಬ್ಲಾಕಿನ (ಒಳಗೆ ಗಾಳಿಗುಳ್ಳೆಗಳಿರುವ ಹಗುರ ಕಾಂಕ್ರೀಟ್ ಇಟ್ಟಿಗೆ) ಸಾಂದ್ರತೆ ಇಟ್ಟಿಗೆಯ ಮೂರನೇ ಒಂದರಷ್ಟೇ ಇರುವುದರಿಂದ, ಅಷ್ಟೇ ದಪ್ಪದ ಗೋಡೆ ಅದಕ್ಕಿಂತ ಹೆಚ್ಚು ಶಬ್ದವನ್ನು ಹೊರಗೆ ಬಿಡುತ್ತದೆ. ಗೋಡೆ ಎಷ್ಟು ಶಬ್ದ ತಡೆಯುತ್ತದೆ ಎಂದು ಹೇಳಲು ಅಂಗಡಿಯವರು ತೋರಿಸುವ ಎಸ್‌ಟಿಸಿ ಅಂಕವನ್ನು ಓದುವಾಗಲೂ ಒಂದು ಎಚ್ಚರ ಬೇಕು. ಆ ಅಂಕವನ್ನು ಲೆಕ್ಕ ಹಾಕುವುದು 125 ಹರ್ಟ್ಸ್‌ನಿಂದ 4000 ಹರ್ಟ್ಸ್‌ವರೆಗಿನ ಧ್ವನಿಗೆ. ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ, ಅಂದರೆ ಧ್ವನಿಯ ಆವರ್ತನ; ಅದು ಕಡಿಮೆಯಾದಷ್ಟೂ ಧ್ವನಿ ದಪ್ಪ. ಸಬ್‌ವೂಫರ್‌ನ ಮುಖ್ಯ ಕೆಲಸವಿರುವುದು 20ರಿಂದ 80 ಹರ್ಟ್ಸ್‌ನಲ್ಲಿ. ಪಕ್ಕದ ಮನೆಯವರು ಬಾಗಿಲು ತಟ್ಟುವಂತೆ ಮಾಡುವ ಗುಡುಗು ಆ ಅಂಕದಲ್ಲಿ ಸೇರಿಯೇ ಇರುವುದಿಲ್ಲ.

ಗೋಡೆಯ ಭಾರವನ್ನು ಎರಡು ಪಟ್ಟು ಮಾಡಿದರೆ ತಡೆ ಹೆಚ್ಚೆಂದರೆ ಐದಾರು ಡೆಸಿಬೆಲ್ ಏರುತ್ತದೆ. ಇರುವ ಗೋಡೆಗೆ ಇನ್ನೊಂದು ಪದರ ಮೆತ್ತುವುದರಿಂದ ದೊಡ್ಡ ಲಾಭವಿಲ್ಲದಿರಲು ಇದೇ ಕಾರಣ. ಲಾಭವಿರುವುದು ಮೂಲ ಗೋಡೆಯಿಂದ ಬಿಟ್ಟು ನಿಂತ ಎರಡನೆಯ ಗೋಡೆಯಲ್ಲಿ. ನೆಲಕ್ಕೂ ಚಾವಣಿಗೂ ಬಿಗಿದು, ಹಳೆಯ ಗೋಡೆಗೆ ಎಲ್ಲಿಯೂ ತಾಗದಂತೆ ಜಿಐ ಚಾನೆಲ್ (ಸತು ಲೇಪಿಸಿದ ತಗಡಿನ ಪಟ್ಟಿ) ನಿಲ್ಲಿಸಿ, ಅದರ ಮೇಲೆ 12.5 ಮಿಲಿಮೀಟರ್ ದಪ್ಪದ ಜಿಪ್ಸಮ್ ಬೋರ್ಡನ್ನು ಎರಡು ಪದರವಾಗಿ ಹೊಡೆಯುವುದು ಈ ವಿಧಾನ. ಇಂಥ ಜೋಡಿ ಗೋಡೆಗೆ ತನ್ನದೇ ಒಂದು ಅನುರಣನ ಆವರ್ತನವಿರುತ್ತದೆ, ಅಂದರೆ ಆ ಆವರ್ತನದ ಧ್ವನಿಗೆ ಅದು ತಾನೂ ಜೋರಾಗಿ ಕಂಪಿಸುತ್ತದೆ; ಅದರ ಆಸುಪಾಸಿನಲ್ಲಿ ಗೋಡೆ ಸೋಲುತ್ತದೆ, ಅದಕ್ಕಿಂತ ಸಾಕಷ್ಟು ಮೇಲೆ ಗೆಲ್ಲುತ್ತದೆ. ಚದರ ಮೀಟರಿಗೆ ಸುಮಾರು 20 ಕೆಜಿ ತೂಗುವ ಎರಡು ಪದರದ ಬೋರ್ಡು, ಹಿಂದೆ 250 ಕೆಜಿಯ ಇಟ್ಟಿಗೆ ಗೋಡೆ ಎಂದು ಇಟ್ಟುಕೊಂಡು ಲೆಕ್ಕ ಹಾಕಿದರೆ, ನಡುವೆ 25 ಮಿಲಿಮೀಟರ್ ಮಾತ್ರ ಬಿಟ್ಟಾಗ ಅನುರಣನ 88 ಹರ್ಟ್ಸ್‌ನಲ್ಲಿ ಬರುತ್ತದೆ. 50 ಮಿಲಿಮೀಟರ್ ಬಿಟ್ಟರೆ 62ಕ್ಕೆ, 100 ಮಿಲಿಮೀಟರ್ ಬಿಟ್ಟರೆ 44ಕ್ಕೆ ಇಳಿಯುತ್ತದೆ. ಜಾಗ ಉಳಿಸುವ ಆಸೆಯಿಂದ ಒಂದೇ ಇಂಚು ಬಿಟ್ಟವರ ಕೋಣೆಯಲ್ಲಿ ಸಬ್‌ವೂಫರ್ ಸದ್ದಿನ ಸೋರಿಕೆ ಮೊದಲಿಗಿಂತ ಹೆಚ್ಚಾಗುವ ಸಾಧ್ಯತೆಯಿರುವುದು ಈ ಕಾರಣಕ್ಕೇ. ಹತ್ತಡಿ ಅಗಲದ ಕೋಣೆಯಲ್ಲಿ ಎರಡೂ ಬದಿಗೆ 100 ಮಿಲಿಮೀಟರ್ ಅಂತರ ಕೊಟ್ಟರೆ ಬೋರ್ಡು ಸೇರಿ ಸುಮಾರು ಹತ್ತು ಇಂಚು ಹೋಗುತ್ತದೆ. ಅಷ್ಟನ್ನು ಬಿಟ್ಟುಕೊಡಲು ಮನಸ್ಸಿಲ್ಲದಿದ್ದರೆ ಪಕ್ಕದ ಮನೆಗೆ ಹೊಂದಿಕೊಂಡ ಒಂದೇ ಗೋಡೆಗಾದರೂ ಪೂರ್ಣ ಅಂತರ ಕೊಡಿ.

ಇನ್ಸುಲೇಶನ್ ಬರುವುದು ಈ ಅಂತರದೊಳಗೆ. ಖಾಲಿ ಬಿಟ್ಟ ಅಂತರ ತಮಟೆಯಂತೆ ಮೊಳಗುತ್ತದೆ. ನಾರಿನ ಪದಾರ್ಥ ತುಂಬಿದರೆ ಗಾಳಿಯ ಚಲನೆ ಆ ನಾರುಗಳ ನಡುವೆ ಘರ್ಷಣೆಗೆ ಸಿಕ್ಕಿ ಶಾಖವಾಗಿ ಕಳೆದುಹೋಗುತ್ತದೆ, ಅನುರಣನದ ಆವರ್ತನವೂ ಇನ್ನಷ್ಟು ಕೆಳಗಿಳಿಯುತ್ತದೆ. ಹಾಗಾಗಿ ಇಲ್ಲಿ ಬೇಕಾದದ್ದು ಗಾಳಿ ಒಳನುಸುಳಬಲ್ಲ, ಆದರೆ ಸಲೀಸಾಗಿ ಹಾದುಹೋಗಲಾಗದ ಪದಾರ್ಥ. ಕಲ್ಲನ್ನು ಕರಗಿಸಿ ನಾರು ಮಾಡಿದ ರಾಕ್‌ವೂಲ್ ಮತ್ತು ಗಾಜಿನ ನಾರಿನ ಗ್ಲಾಸ್‌ವೂಲ್ ಎರಡೂ ಇದಕ್ಕೆ ಸರಿಹೊಂದುತ್ತವೆ. ಶಬ್ದದ ಮಟ್ಟಿಗೆ ಇವೆರಡರ ನಡುವಿನ ವ್ಯತ್ಯಾಸ ಅಂಗಡಿಯವರು ಹೇಳುವಷ್ಟು ದೊಡ್ಡದಲ್ಲ. ರಾಕ್‌ವೂಲ್ ಸ್ಲ್ಯಾಬ್ ಗಟ್ಟಿಯಾಗಿದ್ದು ಚಾನೆಲ್‌ಗಳ ನಡುವೆ ತಾನಾಗಿ ನಿಲ್ಲುತ್ತದೆ ಮತ್ತು 1000 ಡಿಗ್ರಿ ಸೆಲ್ಸಿಯಸ್‌ವರೆಗೂ ಕರಗುವುದಿಲ್ಲ. ಗ್ಲಾಸ್‌ವೂಲ್ ಹಗುರ, ಆದರೆ ಕಡಿಮೆ ಸಾಂದ್ರತೆಯ ರೋಲ್ ಸರಿಯಾದ ಆಸರೆಯಿಲ್ಲದಿದ್ದರೆ ವರ್ಷಗಳಲ್ಲಿ ಕೆಳಗೆ ಕುಸಿದು ಮೇಲ್ಭಾಗ ಖಾಲಿಯಾಗುತ್ತದೆ. ಗೋಡೆಗೆ ರಾಕ್‌ವೂಲ್, ಭಾರ ಕಡಿಮೆ ಇರಬೇಕಾದ ಫಾಲ್ಸ್ ಸೀಲಿಂಗ್ ಮೇಲೆ ಗ್ಲಾಸ್‌ವೂಲ್ ಎಂಬುದು ನನ್ನ ಆಯ್ಕೆ.

ಸಾಂದ್ರತೆ ಹೆಚ್ಚಾದಷ್ಟೂ ಒಳ್ಳೆಯದು ಎಂಬ ನಂಬಿಕೆ ವ್ಯಾಪಕವಾಗಿದೆ. ಅಂತರದೊಳಗೆ ತುಂಬಲು ಘನ ಮೀಟರಿಗೆ 48 ಕೆಜಿಯ ರಾಕ್‌ವೂಲ್ ಸಾಕು. 96 ಕೆಜಿಯದಕ್ಕೆ ಹೆಚ್ಚು ಹಣ ಕೊಡುವ ಬದಲು ಅದೇ ಹಣದಲ್ಲಿ ದಪ್ಪವನ್ನು 50ರಿಂದ 100 ಮಿಲಿಮೀಟರಿಗೆ ಏರಿಸಿದರೆ ಫಲ ಕಾಣುತ್ತದೆ. ಒತ್ತಿ ತುರುಕುವುದಂತೂ ಕೂಡದು, ಏಕೆಂದರೆ ಬಿಗಿಯಾಗಿ ತುಂಬಿದ ಗಟ್ಟಿ ಸ್ಲ್ಯಾಬ್ ಬೋರ್ಡಿಗೂ ಹಿಂದಿನ ಗೋಡೆಗೂ ಸೇತುವೆಯಾಗಿ ಕಂಪನವನ್ನು ದಾಟಿಸುತ್ತದೆ. ಕೊಳ್ಳುವಾಗ ಇಂಥ ನಾರಿನ ಇನ್ಸುಲೇಶನ್‌ಗಿರುವ ಭಾರತೀಯ ಮಾನಕವಾದ ಐಎಸ್ 8183 ಗುರುತನ್ನು ನೋಡಿ, ನಂತರ ಒಂದು ಸ್ಲ್ಯಾಬನ್ನು ತಕ್ಕಡಿಗೆ ಹಾಕಿಸಿ. 1000 ಮಿಲಿಮೀಟರ್ ಉದ್ದ, 600 ಅಗಲ, 50 ದಪ್ಪದ ಸ್ಲ್ಯಾಬು 48 ಕೆಜಿ ಸಾಂದ್ರತೆಯದ್ದಾದರೆ ಸುಮಾರು 1.44 ಕೆಜಿ ತೂಗಬೇಕು, 64ರದ್ದಾದರೆ 1.92 ಕೆಜಿ. ಒಂದು ಕೆಜಿಯ ಆಸುಪಾಸಿನಲ್ಲಿದ್ದರೆ ಬಿಲ್ಲಿನಲ್ಲಿ ಬರೆದ ಸಾಂದ್ರತೆಯ ಮಾಲು ಅದಲ್ಲ.

ಮೊಟ್ಟೆಯ ಟ್ರೇ ಆಕಾರದ ಫೋಮ್ ಹಾಳೆಗಳನ್ನು ಶಬ್ದ ತಡೆಯಲು ಎಂದು ಮಾರುತ್ತಾರೆ. ಅವುಗಳಿಗೆ ಭಾರವೇ ಇಲ್ಲದ ಕಾರಣ ಅವು ಶಬ್ದವನ್ನು ತಡೆಯಲಾರವು. 40 ಹರ್ಟ್ಸ್ ಧ್ವನಿಯ ತರಂಗದ ಉದ್ದ ಎಂಟೂವರೆ ಮೀಟರಿಗಿಂತ ಹೆಚ್ಚು. ಎರಡು ಇಂಚಿನ ಫೋಮ್ ಅದನ್ನು ಗಮನಾರ್ಹವಾಗಿ ಹೀರುವುದೂ ಇಲ್ಲ. ಇದಕ್ಕಿಂತ ಗಂಭೀರವಾದದ್ದು ಬೆಂಕಿಯ ವಿಷಯ. 2003ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನ ಸ್ಟೇಶನ್ ನೈಟ್‌ಕ್ಲಬ್ಬಿನಲ್ಲಿ 100 ಮಂದಿ, 2013ರಲ್ಲಿ ಬ್ರೆಜಿಲ್‌ನ ಕಿಸ್ ನೈಟ್‌ಕ್ಲಬ್ಬಿನಲ್ಲಿ 242 ಮಂದಿ ಸತ್ತರು. ಎರಡೂ ಕಡೆ ಬಾಣಬಿರುಸಿನ ಕಿಡಿ ತಗುಲಿ ಹೊತ್ತಿಕೊಂಡದ್ದು ಶಬ್ದ ತಗ್ಗಿಸಲು ಅಂಟಿಸಿದ್ದ ಪಾಲಿಯುರೆಥೇನ್ ಫೋಮ್. ಅದು ಉರಿದಾಗ ಸಯನೈಡ್ ಬೆರೆತ ಹೊಗೆ ಏಳುತ್ತದೆ. ಕಿಟಕಿ ಮುಚ್ಚಿದ, ಒಂದೇ ಬಾಗಿಲಿನ, ಆಂಪ್ಲಿಫೈಯರ್ ಮತ್ತು ವೈರುಗಳಿಂದ ತುಂಬಿದ ಕೋಣೆಗೆ ಇಂಥ ಪದಾರ್ಥವನ್ನು ತರಲೇಬೇಡಿ.

ಥರ್ಮಕೋಲ್ ಶಾಖ ತಡೆಯಲು ಯೋಗ್ಯ, ಶಬ್ದಕ್ಕೆ ಅಲ್ಲ. ಅದರ ಕಣಗಳು ಮುಚ್ಚಿಕೊಂಡಿರುವುದರಿಂದ ಗಾಳಿ ಒಳಹೋಗುವುದಿಲ್ಲ, ಗೋಡೆಗೆ ಅಂಟಿಸಿ ಮೇಲೆ ಬೋರ್ಡು ಹೊಡೆದರೆ ಕೆಲವು ಆವರ್ತನಗಳಲ್ಲಿ ತಡೆ ಕುಗ್ಗುವುದೂ ಉಂಟು. ತೆಂಗಿನ ನಾರಿನ ಹಾಳೆ ನಮ್ಮಲ್ಲಿ ಅಗ್ಗವಾಗಿ ಸಿಗುತ್ತದೆ ಮತ್ತು ಶಬ್ದವನ್ನು ಹೀರುವ ಗುಣವೂ ಅದಕ್ಕಿದೆ, ಆದರೆ ಉರಿಯುವ ವಸ್ತುವಾದ್ದರಿಂದ ಮುಚ್ಚಿದ ಗೋಡೆಯೊಳಗೆ ಅದನ್ನು ನಾನು ಹಾಕಿಸಲಾರೆ.

ತೇವದ ಪರೀಕ್ಷೆ ಮೊದಲೇ ಆಗಬೇಕು. ಕರಾವಳಿ ಮತ್ತು ಮಲೆನಾಡಿನಲ್ಲಿ ಹೊರಗೋಡೆ ಮಳೆಗಾಲದಲ್ಲಿ ನೀರು ಕುಡಿಯುತ್ತದೆ; ಅದಕ್ಕೆ ಒತ್ತಿಕೊಂಡ ರಾಕ್‌ವೂಲ್ ನೆನೆದರೆ ಗುಣ ಕಳೆದುಕೊಳ್ಳುವುದಲ್ಲದೆ ಬೋರ್ಡಿನ ಹಿಂದೆ ಬೂಷ್ಟು ಬೆಳೆಯಲು ಎಡೆಯಾಗುತ್ತದೆ. ಒಂದು ಮಳೆಗಾಲ ಕಳೆದ ಮೇಲೆ ಗೋಡೆ ಒಣಗಿದೆಯೆಂದು ಖಾತ್ರಿಯಾದ ನಂತರವೇ ಕೆಲಸ ಆರಂಭಿಸಿ, ಇನ್ಸುಲೇಶನ್ ಮತ್ತು ಹೊರಗೋಡೆಯ ನಡುವೆ ಒಂದಿಷ್ಟು ಜಾಗ ಉಳಿಸಿ.

ಇಷ್ಟೆಲ್ಲ ಮಾಡಿಸಿಯೂ ಬಾಗಿಲನ್ನು ಮರೆತರೆ ಖರ್ಚೆಲ್ಲ ವ್ಯರ್ಥ. ಹತ್ತಡಿ ಅಗಲ, ಹತ್ತಡಿ ಎತ್ತರದ ಗೋಡೆಯಲ್ಲಿರುವ ಬಾಗಿಲಿನ ಕೆಳಗೆ ಒಂದು ಸೆಂಟಿಮೀಟರ್ ಸಂದಿದ್ದರೆ ಅದು ಗೋಡೆಯ ಸಾವಿರದ ಒಂದು ಭಾಗ ಮಾತ್ರ. ಆದರೂ ಆ ಸಂದಿಯೊಂದರಿಂದಲೇ ಇಡೀ ಗೋಡೆಯ ತಡೆ 30 ಡೆಸಿಬೆಲ್ ದಾಟುವುದಿಲ್ಲ. ಒಳಗೆ ಟೊಳ್ಳಿರುವ ಬಾಗಿಲನ್ನು ತೆಗೆಸಿ ಗಟ್ಟಿ ಫ್ಲಶ್ ಡೋರ್ ಹಾಕಿಸಿ, ಸುತ್ತಲೂ ರಬ್ಬರ್ ಪಟ್ಟಿ, ಕೆಳಗೆ ತಾನೇ ಇಳಿಯುವ ಡೋರ್ ಸೀಲ್ ಕೂರಿಸಿ. ಏಸಿಯ ಪೈಪ್ ಹಾದುಹೋಗುವ ರಂಧ್ರ, ಸ್ವಿಚ್ ಬೋರ್ಡಿನ ಹಿಂಭಾಗ, ಬೋರ್ಡು ನೆಲವನ್ನು ಸೇರುವ ಅಂಚು, ಇವೆಲ್ಲಕ್ಕೂ ಒಣಗಿದ ಮೇಲೂ ಬಾಗುವಂಥ ಅಕೌಸ್ಟಿಕ್ ಸೀಲೆಂಟ್ ಬೇಕು. ಪುಟ್ಟಿ ಬಿರುಕು ಬಿಡುತ್ತದೆ. ಸಬ್‌ವೂಫರನ್ನು ನೇರವಾಗಿ ನೆಲದ ಮೇಲಿಡದೆ ದಪ್ಪ ರಬ್ಬರ್ ಪ್ಯಾಡಿನ ಮೇಲಿಡಿ. ಇಷ್ಟು ಮುಚ್ಚಿದ ಕೋಣೆಗೆ ಹೊಸ ಗಾಳಿ ಬರುವ ದಾರಿಯನ್ನೂ ಯೋಜಿಸಿ, ಏಕೆಂದರೆ ಸ್ಪ್ಲಿಟ್ ಏಸಿ ಒಳಗಿನ ಗಾಳಿಯನ್ನೇ ತಂಪು ಮಾಡುತ್ತದೆ.

ಇನ್ಸುಲೇಶನ್ ಕತ್ತರಿಸುವವರಿಗೆ ಕೈಗವಸು, ಕನ್ನಡಕ, ಎನ್95 ಮಾಸ್ಕ್ ಕೊಡುವುದು ಮನೆಯೊಡೆಯರ ಜವಾಬ್ದಾರಿಯೂ ಹೌದು. ನಾರಿನ ಧೂಳು ಚರ್ಮವನ್ನು ತುರಿಸುತ್ತದೆ, ಗಂಟಲನ್ನು ಕೆರೆಯುತ್ತದೆ. ಬೋರ್ಡಿನ ಮೊದಲ ಪದರ ಹೊಡೆಯುವ ಮುನ್ನ ಟಾರ್ಚ್ ಹಿಡಿದು ಪ್ರತಿ ಚಾನೆಲ್ಲಿನ ಹಿಂದೆ ನೋಡಿ, ಹಳೆಯ ಗೋಡೆಗೂ ಚಾನೆಲ್ಲಿಗೂ ನಡುವೆ ಗಾರೆಯ ಚೂರು ಅಥವಾ ಮರದ ತುಂಡು ಸಿಕ್ಕಿಕೊಂಡಿದ್ದರೆ ತೆಗೆಸಿ, ವೈರುಗಳು ಹಾದುಹೋಗುವ ಜಾಗದ ಫೋಟೊ ತೆಗೆದಿಟ್ಟುಕೊಳ್ಳಿ. ಎರಡನೆಯ ಪದರದ ಜೋಡಣೆಗಳು ಮೊದಲ ಪದರದ ಜೋಡಣೆಗಳ ಮೇಲೆಯೇ ಬರದಂತೆ ಬಡಗಿಗೆ ಮುಂಚೆಯೇ ಹೇಳಿರಿ.