ಪೆಡಲ್‌ಗಳ ಮೇಲೆ ಕುಂಟೆಬಿಲ್ಲೆ ಆಡುವುದನ್ನು ಬಿಟ್ಟ ಬಗೆ

ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುವವನಿಗೆ ಕೈಗಿಂತ ಕಾಲಿಗೇ ಕೆಲಸ ಹೆಚ್ಚು. ಪಲ್ಲವಿಗೆ ಕ್ಲೀನ್ ಟೋನ್, ಬಿಜಿಎಂ (ನಡುವಿನ ವಾದ್ಯಸಂಗೀತ) ಬಂದ ಕೂಡಲೇ ಒರಟು ಧ್ವನಿಯ ಡಿಸ್ಟಾರ್ಷನ್, ಚರಣಕ್ಕೆ ಅದನ್ನು ತೆಗೆದು ತುಂಬು ಧ್ವನಿಯ ಕೋರಸ್. ಹೀಗೆ ಧ್ವನಿ ಬದಲಿಸುವ, ಕಾಲಿನಿಂದ ತುಳಿಯುವ ಪುಟ್ಟ ಪೆಟ್ಟಿಗೆಗಳೇ ಪೆಡಲ್‌ಗಳು. ಎರಡು ಪೆಡಲ್‌ಗಳನ್ನು ಒಂದೇ ಮಾತ್ರೆಯೊಳಗೆ ತುಳಿಯಬೇಕೆಂದರೆ ಕುಂಟೆಬಿಲ್ಲೆಯೇ ಗತಿ. ವರ್ಷಗಟ್ಟಲೆ ಆಡಿ ಸಾಕಾದ ಮೇಲೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಒಂದು ಆರ್ಡುಯಿನೋ ನ್ಯಾನೊ (ಪ್ರೋಗ್ರಾಮ್ ಬರೆದು ನಡೆಸುವ ಪುಟ್ಟ ಬೋರ್ಡ್), ನಾಲ್ಕು 5 ವೋಲ್ಟ್ ರಿಲೇ (ವಿದ್ಯುತ್ತಿನಿಂದ ಹೊರಳುವ ಸ್ವಿಚ್), ಒತ್ತಿ ಬಿಟ್ಟರೆ ಮೇಲೇಳುವ ನಾಲ್ಕು ಕಾಲ್‌ಸ್ವಿಚ್‌ಗಳನ್ನು ತಂದೆ.

ಉಪಾಯ ಸರಳ. ಪೆಡಲ್‌ಗಳೆಲ್ಲ ಸದಾ ಆನ್ ಆಗಿಯೇ ಇರುತ್ತವೆ. ಧ್ವನಿ ಅವುಗಳ ಒಳಗೆ ಹಾದುಹೋಗಬೇಕೋ, ಪಕ್ಕದಿಂದ ದಾಟಬೇಕೋ ಎಂಬುದನ್ನು ರಿಲೇ ತೀರ್ಮಾನಿಸುತ್ತದೆ. ಒಂದು ಸ್ವಿಚ್ ಒತ್ತಿದರೆ ನಾಲ್ಕೂ ರಿಲೇಗಳು ಒಟ್ಟಿಗೆ ತಮ್ಮ ಜಾಗಕ್ಕೆ ಹೋಗಿ ನಿಲ್ಲುತ್ತವೆ. ಗಿಟಾರ್ ಧ್ವನಿ ಆರ್ಡುಯಿನೋ ಒಳಗೆ ಹೋಗುತ್ತದೆಯೇ ಎಂದು ಬಹಳ ಜನ ಕೇಳುತ್ತಾರೆ. ಇಲ್ಲ, ಅದು ಬರೀ ಬಾಗಿಲು ಕಾಯುವ ಆಳು.

ಒಂದು ರಿಲೇಯ ಸುರುಳಿ ಸುಮಾರು 28 ಮಿಲಿಆಂಪ್ ಎಳೆಯುತ್ತದೆ. ನ್ಯಾನೊದ ಒಂದು ಪಿನ್ನಿನಿಂದ ನೆಮ್ಮದಿಯಾಗಿ ತೆಗೆಯಬಹುದಾದದ್ದು 20. ಹಾಗಾಗಿ ನಡುವೆ ಹೆಚ್ಚು ಕರೆಂಟ್ ತಾಳುವ ಯುಎಲ್‌ಎನ್2803 ಐಸಿ ಹಾಕಿದೆ. ರಿಲೇ ಬಿಟ್ಟಾಗ ಸುರುಳಿ ಒದೆಯುವ ವೋಲ್ಟೇಜನ್ನು ನುಂಗುವ ಡಯೋಡ್‌ಗಳು ಅದರೊಳಗೇ ಇವೆ. ಆದರೆ ಅದರ ಹತ್ತನೆಯ ಪಿನ್ನನ್ನು 5 ವೋಲ್ಟ್‌ಗೆ ಸೇರಿಸದಿದ್ದರೆ ಅವು ಇದ್ದೂ ಇಲ್ಲದಂತೆ. ನಾನು ಸೇರಿಸಿರಲಿಲ್ಲ. ನ್ಯಾನೊ ಆಗಾಗ ತಾನಾಗಿಯೇ ರೀಸೆಟ್ ಆಗುತ್ತಿದ್ದಾಗ ಎರಡು ದಿನ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿದೆ.

ಪ್ರೋಗ್ರಾಮಿನಲ್ಲಿ ತಪ್ಪು ಇರಲು ಜಾಗವೇ ಇರಲಿಲ್ಲ, ಅಷ್ಟು ಚಿಕ್ಕದು. ನಾಲ್ಕು ರಿಲೇಗಳ ಸ್ಥಿತಿಗೆ ನಾಲ್ಕು ಬಿಟ್ ಸಾಕು, ಒಂದು ಪ್ರೀಸೆಟ್ (ಒಂದು ಸ್ವಿಚ್ಚಿಗೆ ಮೊದಲೇ ಗೊತ್ತುಮಾಡಿದ ರಿಲೇಗಳ ಜೋಡಣೆ) ಎಂದರೆ ಒಂದು ಬೈಟ್. ಸ್ವಿಚ್ಚಿನ ಬೌನ್ಸ್ ಬಗ್ಗೆ, ಎಂದರೆ ಒಮ್ಮೆ ಒತ್ತಿದರೂ ಒಳಗಿನ ಲೋಹ ಪುಟಿದು ಹಲವು ಸಲ ಒತ್ತಿದಂತಾಗುವುದರ ಬಗ್ಗೆ, ಎಲ್ಲರೂ ಹೆದರಿಸಿದ್ದರು. ಪ್ರೀಸೆಟ್ ಆರಿಸುವಾಗ ಬೌನ್ಸ್ ಏನೂ ಮಾಡದು. ಎರಡನೆಯದನ್ನು ಮೂರು ಸಲ ಒತ್ತಿದರೂ ಅದು ಎರಡನೆಯದೇ. ಒಂದೇ ಸ್ವಿಚ್ಚಿನಿಂದ ಹಾಕಿ ತೆಗೆಯುವ ಕೆಲಸವಿದ್ದರೆ ಮಾತ್ರ 20 ಮಿಲಿಸೆಕೆಂಡ್ ಕಾಯಿಸಬೇಕು.

ಪ್ರೋಗ್ರಾಮ್ ಒಂದು ಸಂಜೆಯಲ್ಲಿ ಮುಗಿಯಿತು. ಮೂರು ವಾರ ತಿಂದದ್ದು 'ಟಪ್' ಎಂಬ ಸದ್ದು.

ಮೊದಲ ರಿಹರ್ಸಲ್‌ನಲ್ಲಿ ಪ್ರತಿ ಬದಲಾವಣೆಗೂ ಸ್ಪೀಕರ್ ಟಪ್ ಎಂದಿತು. ಕೀಬೋರ್ಡ್ ನುಡಿಸುವ ಅಣ್ಣ ತಿರುಗಿ ನೋಡಿ, "ಏನಪ್ಪಾ, ನೀನೇ ತಬಲಾನೂ ನುಡಿಸುತ್ತಿದ್ದೀಯಾ?" ಎಂದರು. ರಿಲೇಯ ಟಿಕ್ ಸದ್ದೇ ಒಳಗೆ ಸೇರುತ್ತಿದೆ ಎಂದುಕೊಂಡು ಅದರ ಕೆಳಗೆ ಸ್ಪಂಜು ಇಟ್ಟೆ. ನಗಬೇಡಿ. ಕೊನೆಗೆ ಮಲ್ಟಿಮೀಟರನ್ನು ಡಿಸಿಯಲ್ಲಿಟ್ಟು, ಬೈಪಾಸ್ ಆಗಿದ್ದ (ಧ್ವನಿ ಪಕ್ಕದಿಂದ ದಾಟುತ್ತಿದ್ದ) ಡಿಸ್ಟಾರ್ಷನ್ ಪೆಡಲ್‌ನ ಇನ್‌ಪುಟ್‌ಗೆ ಹಿಡಿದೆ. ಏನೂ ಇರಬಾರದ ಕಡೆ ವೋಲ್ಟೇಜ್ ಕಂಡಿತು, ಹಿಡಿದಷ್ಟು ಹೊತ್ತೂ ಇಳಿಯುತ್ತಾ ಹೋಯಿತು. ಪೆಡಲ್‌ನ ಬಾಯಲ್ಲಿರುವ ಕೆಪಾಸಿಟರ್ ಸ್ವಲ್ಪ ಸ್ವಲ್ಪವೇ ಸೋರುತ್ತದೆ. ರಿಲೇ ಆ ತುದಿಯನ್ನು ಎಲ್ಲಿಗೂ ಸೇರಿಸದೆ ಬಿಟ್ಟಾಗ ಸೋರಿದ ಚಾರ್ಜ್ ಅಲ್ಲೇ ಕೂಡಿಕೊಳ್ಳುತ್ತದೆ. ಮತ್ತೆ ಸೇರಿಸಿದ ಕ್ಷಣ ಅಷ್ಟೂ ಒಮ್ಮೆಲೇ ಹರಿದು ಟಪ್ ಎನ್ನುತ್ತದೆ. ಮದ್ದು ಎಂದರೆ ಪ್ರತಿ ಪೆಡಲ್‌ಗೆ ಹೋಗುವ ಮತ್ತು ಅಲ್ಲಿಂದ ಬರುವ ತಂತಿಯಿಂದ ಗ್ರೌಂಡಿಗೆ ಒಂದೊಂದು 1 ಮೆಗಾಓಮ್ ರೆಸಿಸ್ಟರ್. ಒಟ್ಟು ಎಂಟು. ಮೊದಲ ಪೆಡಲ್‌ಗೆ ಹೋಗುವ ಕಡೆ ಮಾತ್ರ 2.2 ಮೆಗಾಓಮ್ ಹಾಕಿದೆ. ತಂತಿಯ ಕಂಪನ ಹಿಡಿಯುವ ಗಿಟಾರಿನ ಪಿಕಪ್ ನೇರವಾಗಿ ಅದನ್ನೇ ನೋಡುವುದರಿಂದ ಓಮ್ ತೀರಾ ಕಡಿಮೆಯಾದರೆ ಮೇಲಿನ ಸ್ವರಗಳ ಹೊಳಪು ಮಂಕಾಗುತ್ತದೆ.

ಸದ್ದು ಮುಕ್ಕಾಲು ಪಾಲು ಹೋಯಿತು. ಡಿಸ್ಟಾರ್ಷನ್‌ನ ಗೇನ್ ಜಾಸ್ತಿ ಇಟ್ಟಾಗ ಮಾತ್ರ ಸಣ್ಣದೊಂದು ಚಿಟಿಕೆ ಉಳಿಯಿತು. ಅದಕ್ಕೆ ಔಟ್‌ಪುಟ್ಟಿನಲ್ಲಿ ಒಂದು ಫೋಟೊ ರಿಲೇ ಕೂರಿಸಿದೆ. ಅದರೊಳಗೆ ಅಲುಗಾಡುವ ಭಾಗವಿಲ್ಲ, ಬೆಳಕಿನಿಂದ ಕೆಲಸ ಮಾಡುತ್ತದೆ. ನ್ಯಾನೊ ಮೊದಲು ಅದರಿಂದ ಧ್ವನಿಯನ್ನು ಗ್ರೌಂಡಿಗೆ ಇಳಿಸುತ್ತದೆ, 5 ಮಿಲಿಸೆಕೆಂಡ್ ಬಿಟ್ಟು ರಿಲೇಗಳನ್ನು ಬದಲಿಸುತ್ತದೆ, 15 ಮಿಲಿಸೆಕೆಂಡ್ ಕಾದು ಧ್ವನಿಯನ್ನು ಬಿಡುತ್ತದೆ. ಇಷ್ಟು ಮೌನ ಯಾವ ಕಿವಿಗೂ ಸಿಗಲಿಲ್ಲ.

ಬಯಲಿನ ಪೆಂಡಾಲಿನಲ್ಲಿ ಇನ್ನೊಂದು ಪಾಠ ಕಾದಿತ್ತು. ಜನರೇಟರ್ ಒಮ್ಮೆ ಕೆಮ್ಮಿದಾಗ ನ್ಯಾನೊ ಮತ್ತೆ ಮೊದಲಿನಿಂದ ಶುರುವಾಗಿ, ಬಿಜಿಎಂ ನಡುವೆ ಗಿಟಾರ್ ಸಾಧುವಾಗಿಬಿಟ್ಟಿತು. ಈಗ ಕೊನೆಯ ಪ್ರೀಸೆಟ್ ನ್ಯಾನೊದ ಈಪ್ರಾಮ್‌ನಲ್ಲಿ, ಎಂದರೆ ವಿದ್ಯುತ್ ಹೋದರೂ ಅಳಿಯದ ನೆನಪಿನಲ್ಲಿ, ಉಳಿಯುತ್ತದೆ. ಒಂದು ಜಾಗದಲ್ಲಿ ಒಂದು ಲಕ್ಷ ಸಲ ಬರೆಯಬಹುದು. ರಾತ್ರಿಗೆ 200 ಸಲ ಒತ್ತಿದರೂ 500 ಕಾರ್ಯಕ್ರಮ ಬಾಳುತ್ತದೆ. ವಿದ್ಯುತ್ ಇಲ್ಲದಿದ್ದರೂ ಸ್ಥಿತಿ ಹಿಡಿದಿಟ್ಟುಕೊಳ್ಳುವ ಲ್ಯಾಚಿಂಗ್ ರಿಲೇ ಹಾಕಬಹುದಿತ್ತಲ್ಲ ಎಂದವರಿದ್ದಾರೆ. ಬೇಕೆಂದೇ ಹಾಕಲಿಲ್ಲ. ಸಾಮಾನ್ಯ ರಿಲೇ ಆದರೆ ಪೆಟ್ಟಿಗೆ ಪೂರ್ತಿ ಸತ್ತರೂ ಎಲ್ಲ ಪೆಡಲ್‌ಗಳನ್ನೂ ದಾಟಿಸಿ ಗಿಟಾರನ್ನು ಆಂಪ್ಲಿಫೈಯರ್‌ಗೆ ತಲುಪಿಸುತ್ತದೆ.

ಪ್ರತಿಧ್ವನಿ ಕೊಡುವ ಡಿಲೇ ಪೆಡಲ್ ಮಾತ್ರ ಇದಕ್ಕೆ ಒಗ್ಗಲಿಲ್ಲ. ರಿಲೇ ಬಿಟ್ಟ ಕೂಡಲೇ ಅದರ ಪ್ರತಿಧ್ವನಿ ಕತ್ತರಿಸಿದಂತೆ ನಿಲ್ಲುತ್ತದೆ, ಕೇಳಲು ಹಿತವಿಲ್ಲ. ಅದನ್ನು ಪೆಟ್ಟಿಗೆಯ ಹೊರಗೇ ಇಟ್ಟು ಈಗಲೂ ಕಾಲಿನಿಂದಲೇ ತುಳಿಯುತ್ತೇನೆ. ಅದಕ್ಕೆಂದು ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿ ಕೊರೆದಿದ್ದ ಐದನೆಯ ತೂತಿಗೆ ಎಂ-ಸೀಲ್ ಮೆತ್ತಿದ್ದೇನೆ.