ಹಿಮದಲ್ಲಿ ಬೈಕ್: ತಯಾರಿ ಹುಬ್ಬಳ್ಳಿಯಲ್ಲೇ ಶುರುವಾಗಲಿ

ಡಿಸೆಂಬರ್ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಬೈಕ್ ಗೆಳೆಯರಲ್ಲಿ ಒಂದೇ ಮಾತು: ಈ ಸಲ ಹಿಮ ನೋಡೋಣ. ಬೇಸಿಗೆಯ ಲಡಾಖ್ ಹಳತಾಯ್ತು, ಈಗ ಜನವರಿಯಲ್ಲಿ ಹಿಮಾಚಲದ ಮನಾಲಿ, ಸ್ಪಿತಿ ಬೇಕು. ಹೋಗಿ, ಬೇಡ ಅನ್ನುವುದಿಲ್ಲ. ಆದರೆ ನಮ್ಮ ಕಡೆ ಚಳಿ ಅಂದರೆ ನಸುಕಿನ 13-14 ಡಿಗ್ರಿ. ಅದಕ್ಕೆ ಒಗ್ಗಿದ ಗಾಡಿಯೂ ಕೈಯೂ ಅಲ್ಲಿನ ಮೈನಸ್ 5ರಲ್ಲಿ ಮೊದಲ ದಿನವೇ ಮುಷ್ಕರ ಹೂಡುತ್ತವೆ. ಅಲ್ಲಿಗೆ ಹೋದ ಮೇಲೆ ಸರಿ ಮಾಡಿಕೊಳ್ಳುತ್ತೇವೆ ಅನ್ನುವ ಮಾತು ಬೇಡ. ಅರ್ಧ ಕೆಲಸ ಇಲ್ಲೇ ಮುಗಿಯಬೇಕು.

ಎಲ್ಲಿಗೆ ಅನ್ನುವುದು ಮೊದಲು

ಮೊದಲ ಸಲ ಹೋಗುವವರು ನಾರ್ಕಂಡಾ ಆರಿಸಿಕೊಳ್ಳಲಿ. ಶಿಮ್ಲಾದಿಂದ 60 ಕಿ.ಮೀ. ಚಿಲ್ಲರೆ ದೂರ, ಎತ್ತರ ಸುಮಾರು 2,700 ಮೀಟರ್. ಹಿಮವೂ ಸಿಗುತ್ತದೆ, ಉಸಿರಾಟದ ತೊಂದರೆಯೂ ಕಡಿಮೆ. ಸ್ಪಿತಿಗೆ ಚಳಿಗಾಲದಲ್ಲಿ ಹೋಗುವುದಾದರೆ ಶಿಮ್ಲಾ-ಕಿನ್ನೌರ್ ದಾರಿಯೇ ಗತಿ. ಮನಾಲಿ ಕಡೆಯಿಂದ ಹೋಗಲು ದಾಟಬೇಕಾದ 4,551 ಮೀಟರ್ ಎತ್ತರದ ಕುಂಜುಮ್ ಕಣಿವೆದಾರಿ ಆಗ ಹಿಮದಲ್ಲಿ ಮುಚ್ಚಿರುತ್ತದೆ. ಮನಾಲಿಯಿಂದ ಮೇಲೆ 2020ರಲ್ಲಿ ತೆರೆದ 9.02 ಕಿ.ಮೀ. ಉದ್ದದ ಅಟಲ್ ಸುರಂಗ ಇದೆ, ನಿಜ. ಆದರೆ ಹಿಮ ಬಿದ್ದ ದಿನ ಪೊಲೀಸರು ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಸಿಗುವ) ಗಾಡಿಗಳನ್ನಷ್ಟೇ ಮೇಲಕ್ಕೆ ಬಿಡುವುದು ಸಾಮಾನ್ಯ. ಅವರ ಜೊತೆ ವಾದಕ್ಕೆ ನಿಲ್ಲಬೇಡಿ.

ಇಲ್ಲಿಂದ ದೆಹಲಿವರೆಗೆ ಗಾಡಿ ಓಡಿಸಿಕೊಂಡು ಹೋಗಿ ಸುಸ್ತಾಗುವ ಬದಲು ರೈಲಿಗೆ ಹಾಕಿ. ಪಾರ್ಸೆಲ್ ಆಫೀಸಿಗೆ ಆರ್‌ಸಿ ಪ್ರತಿ, ಗುರುತಿನ ಚೀಟಿ ಬೇಕು. ಗಾಡಿಯನ್ನು ಚೆನ್ನಾಗಿ ಪ್ಯಾಕ್ ಮಾಡಿಸಬೇಕು, ಟ್ಯಾಂಕಿನ ಪೆಟ್ರೋಲ್ ಪೂರ್ತಿ ತೆಗೆದಿರಬೇಕು. 1,507 ಮೀಟರ್ ಉದ್ದದ, ಜಗತ್ತಿನಲ್ಲೇ ಉದ್ದವಾದ ಪ್ಲಾಟ್‌ಫಾರ್ಮ್ ನಮ್ಮದು ಅನ್ನುವ ಹೆಮ್ಮೆ ಎಲ್ಲರಿಗೂ ಇದೆ. ಖಾಲಿ ಟ್ಯಾಂಕಿನ ಗಾಡಿ ತಳ್ಳುವಾಗ ಅದು ಎಷ್ಟು ಉದ್ದ ಅನ್ನುವುದು ಸರಿಯಾಗಿ ಗೊತ್ತಾಗುತ್ತದೆ.

ಗ್ಯಾರೇಜಿನಲ್ಲಿ ಮಾಡಿಸಬೇಕಾದ್ದು

ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ) ಇರುವ ಗಾಡಿಯಾದರೆ ಮೊದಲು ರೇಡಿಯೇಟರ್ ನೋಡಿಸಿ. ಕೂಲಂಟ್ ಕಡಿಮೆಯಾದರೆ ನಮ್ಮಲ್ಲಿ ಬರುವ ಸಲಹೆ ಒಂದೇ: 'ಏನಾಗಂಗಿಲ್ರೀ ಸರ, ನೀರ ಹಾಕ್ರಿ, ನಡೀತೈತಿ.' ಇಲ್ಲಿ ನಡೆಯುತ್ತದೆ. ಅಲ್ಲಿ ಅದೇ ನೀರು ರಾತ್ರಿ ಹೆಪ್ಪುಗಟ್ಟಿ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಹಿಗ್ಗಲು ಜಾಗ ಇಲ್ಲದೆ ರೇಡಿಯೇಟರ್ ಒಡೆಯುತ್ತದೆ, ಕೆಲವೊಮ್ಮೆ ಎಂಜಿನ್ನೇ ಬಿರುಕು ಬಿಡುತ್ತದೆ. ಹಳೆಯದನ್ನು ಪೂರ್ತಿ ಚೆಲ್ಲಿ, ಗ್ಲೈಕಾಲ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಸಮ ಇರುವ ಕೂಲಂಟ್ ಹಾಕಿಸಿ. ಮೈನಸ್ 30 ಆದರೂ ಅದು ಗಟ್ಟಿಯಾಗುವುದಿಲ್ಲ.

ಎಂಜಿನ್ ಆಯಿಲ್ ಡಬ್ಬಿಯ ಮೇಲೆ 20ಡಬ್ಲ್ಯು-50, 10ಡಬ್ಲ್ಯು-40 ಎಂದೆಲ್ಲ ಬರೆದಿರುತ್ತದೆ. ಡಬ್ಲ್ಯುಗಿಂತ ಮೊದಲು ಬರುವ ಅಂಕಿ ಕಡಿಮೆ ಇದ್ದಷ್ಟೂ ಆಯಿಲ್ ಚಳಿಯಲ್ಲಿ ಸಲೀಸಾಗಿ ಹರಿಯುತ್ತದೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಒಪ್ಪಿರುವ ತೆಳು ಆಯಿಲ್ ಹಾಕಿಸಿ. ಬ್ಯಾಟರಿ ಮೂರು ವರ್ಷ ಹಳೆಯದಾಗಿದ್ದರೆ ಬದಲಿಸಿಬಿಡಿ. ಚಳಿಗೆ ಅದರ ಶಕ್ತಿ ಕುಗ್ಗುತ್ತದೆ, ಅದೇ ಹೊತ್ತಿಗೆ ತಣ್ಣಗಾದ ಎಂಜಿನ್ ಜಾಸ್ತಿ ಶಕ್ತಿ ಕೇಳುತ್ತದೆ.

ಇನ್ನು ಟಯರ್. ಕಲ್ಲು-ಮಣ್ಣಿನ ರಸ್ತೆಗೆಂದೇ ಮಾಡಿದ, ದಪ್ಪ ಕಚ್ಚುಗಳಿರುವ ಟಯರ್ ಬೇಕು. ಸವೆದದ್ದು ಬೇಡವೇ ಬೇಡ. ಗಾಳಿಯ ಲೆಕ್ಕ ಮಜವಾಗಿದೆ ನೋಡಿ. ಹುಬ್ಬಳ್ಳಿಯ 28 ಡಿಗ್ರಿಯಲ್ಲಿ 30 ಪಿಎಸ್‌ಐ ತುಂಬಿದರೆ, ಮೈನಸ್ 5ರ ಚಳಿಗೆ ಅದು ಸುಮಾರು 5 ಪಿಎಸ್‌ಐ ಇಳಿಯುತ್ತದೆ. ಆದರೆ 3,500 ಮೀಟರ್ ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡವೇ ಕಡಿಮೆ. ಹಾಗಾಗಿ ಗೇಜಿನ ಮುಳ್ಳು ಹೆಚ್ಚುಕಡಿಮೆ ಅಷ್ಟೇ ಮೇಲಕ್ಕೂ ಏರುತ್ತದೆ. ಎರಡೂ ಸೇರಿ ಎಲ್ಲಿ ನಿಲ್ಲುತ್ತದೆ ಅನ್ನುವುದು ಊರೂರಿಗೆ ಬೇರೆ. ಅದಕ್ಕೇ ಒಂದು ಸಣ್ಣ ಗೇಜ್ ಜೇಬಿನಲ್ಲಿರಲಿ. ಬೆಳಿಗ್ಗೆ ಗಾಡಿ ಹೊರಡುವ ಮುನ್ನ ನೋಡಿ, ಕಂಪನಿ ಹೇಳಿದ್ದಕ್ಕಿಂತ 3-4 ಪಿಎಸ್‌ಐ ಕಡಿಮೆ ಇಟ್ಟರೆ ಹಿಡಿತ ಚೆನ್ನಾಗಿರುತ್ತದೆ.

ಹಿಂದಿನ ಚಕ್ರಕ್ಕೆ ಸುತ್ತುವ ಹಿಮದ ಚೈನ್ ಒಯ್ಯುವುದಿದ್ದರೆ ಇಲ್ಲೇ ಒಮ್ಮೆ ಕಟ್ಟಿ ನೋಡಿ. ಚಕ್ರ ತಿರುಗಿದಾಗ ಮಡ್‌ಗಾರ್ಡಿಗೋ ಡ್ರೈವ್ ಚೈನಿಗೋ ತಗುಲುತ್ತದಾ? ಇದನ್ನು ಗ್ಯಾರೇಜಿನ ಬೆಳಕಿನಲ್ಲಿ, ಬೆಚ್ಚಗಿನ ಕೈಯಿಂದ ಪರೀಕ್ಷಿಸುವುದು ಸುಲಭ. ಬರೀ ಡಾಂಬರಿನ ಮೇಲೆ ಈ ಚೈನ್ ಹಾಕಿಕೊಂಡು ಓಡಿಸಬಾರದು. ಚೈನೂ ಹಾಳು, ಟಯರೂ ಹಾಳು.

ನವಲಗುಂದದ ರಾಡಿಯಲ್ಲಿ ತಾಲೀಮು

ಹಿಮ ಇಲ್ಲದ ಊರಿನಲ್ಲಿ ಹಿಮದ ತಾಲೀಮು ಹೇಗೆ? ಮಳೆ ಬಿದ್ದ ಮರುದಿನ ನವಲಗುಂದ, ಅಣ್ಣಿಗೇರಿ, ರೋಣದ ಕಡೆ ಯಾವುದಾದರೂ ಹೊಲದ ದಾರಿಗೆ ಇಳಿಯಿರಿ. ಎರೆ ಮಣ್ಣಿನ ರಾಡಿಯಲ್ಲಿ ಗಾಡಿ ಓಡಿಸಿದ ರೈತರ ಹುಡುಗರಿಗೆ ಹಿಮದ ಮುಕ್ಕಾಲು ಪಾಠ ಆಗಲೇ ಗೊತ್ತು. ಮುಂದಿನ ಬ್ರೇಕ್ ಮುಟ್ಟುವುದಿಲ್ಲ, ಗಾಡಿ ವಾಲಿಸುವುದಿಲ್ಲ, ಎಕ್ಸಿಲರೇಟರ್ ಜಗ್ಗುವುದಿಲ್ಲ, ಎರಡೂ ಕಾಲು ಇಳಿಬಿಟ್ಟು ಎರಡನೇ ಗೇರಿನಲ್ಲಿ ಸುಮ್ನೆ ಸಾಗುತ್ತಾರೆ. ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ರಾಡಿ ಚಕ್ರವನ್ನು ಹಿಡಿದು ಎಳೆಯುತ್ತದೆ, ಹಾಗಾಗಿ ಗಾಡಿ ತಾನಾಗಿ ನಿಧಾನವಾಗುತ್ತದೆ. ಮಂಜುಗಡ್ಡೆ ಹಿಡಿಯುವುದೇ ಇಲ್ಲ. ಮಳೆಗಾಲ ಮುಗಿದಿದ್ದರೆ ಖಾಲಿ ಮೈದಾನದಲ್ಲಿ ನಡಿಗೆಯ ವೇಗದಲ್ಲಿ, ಕಾಲು ಊರದೆ, ಎಂಟರ ಆಕಾರದಲ್ಲಿ ತಿರುಗಿಸಿ. ಅರ್ಧ ಕ್ಲಚ್ ಮೇಲೆ ಕೈ ಕುಳಿತರೆ ಸಾಕು. ಎಂಬತ್ತರಲ್ಲಿ ಓಡಿಸುವುದು ಎಲ್ಲರಿಗೂ ಬರುತ್ತದೆ. ಐದರಲ್ಲಿ ಓಡಿಸುವುದು ಬಹಳ ಜನರಿಗೆ ಬರುವುದಿಲ್ಲ.

ಹಿಮದ ಮೇಲೆ

ಬೆಳಿಗ್ಗೆ ಹತ್ತರ ಮುಂಚೆ ಹೊರಡಬೇಡಿ, ಮಧ್ಯಾಹ್ನ ಮೂರರ ಹೊತ್ತಿಗೆ ರೂಮು ಸೇರಿ. ಹಗಲಿನ ಬಿಸಿಲಿಗೆ ಕರಗಿದ ನೀರು ಸಂಜೆ ಮತ್ತೆ ಗಡ್ಡೆಯಾಗುತ್ತದೆ. ಆಗ ಅದು ತೆಳುವಾಗಿ, ಪಾರದರ್ಶಕವಾಗಿ, ಬರೀ ಒದ್ದೆ ಡಾಂಬರಿನಂತೆ ಕಾಣುತ್ತದೆ. ಬೈಕಿನವರನ್ನು ಬೀಳಿಸುವುದು ಬೆಳ್ಳನೆಯ ಹಿಮಕ್ಕಿಂತ ಜಾಸ್ತಿ ಇದೇ. ಬಿಸಿಲು ತಾಗದ ಬೆಟ್ಟದ ಮಗ್ಗುಲು, ರಸ್ತೆಗೆ ಅಡ್ಡ ಹರಿಯುವ ಝರಿ, ಸೇತುವೆ, ಈ ಮೂರು ಕಡೆ ಗಡ್ಡೆ ಇದೆ ಎಂದೇ ತಿಳಿದು ಹೋಗಿ. ಸೇತುವೆಗೆ ಕೆಳಗಿನಿಂದಲೂ ಗಾಳಿ ಹೊಡೆಯುವುದರಿಂದ ಅದು ಉಳಿದ ರಸ್ತೆಗಿಂತ ಬೇಗ ಹೆಪ್ಪುಗಟ್ಟುತ್ತದೆ.

ಹೊಸದಾಗಿ ಬಿದ್ದ, ಗೇಣಿಗಿಂತ ಕಡಿಮೆ ಇರುವ ಹಿಮದಲ್ಲಿ ಹಿಡಿತ ಪರವಾಗಿಲ್ಲ. ಕಾಲಿಟ್ಟರೆ ಕರಕರ ಅನ್ನುತ್ತದೆ. ಕಾರು, ಲಾರಿ ಓಡಾಡಿ ಪಾಲಿಶ್ ಹಿಡಿದ ಗಾಲಿ ಜಾಡು ಗಾಜಿನಂತಿದ್ದರೆ ಅದರ ಪಕ್ಕದ ಮುಟ್ಟದ ಹಿಮದ ಮೇಲೆ ಹೋಗುವುದೇ ಮೇಲು. ಹಿಮ ಆಳವಾಗಿದ್ದರೆ ಮಾತ್ರ ಜಾಡು ಹಿಡಿಯಿರಿ.

ಎರಡನೇ ಗೇರಿನಲ್ಲಿ ಮೆಲ್ಲಗೆ ಎತ್ತಿ, ಹಿಂದಿನ ಚಕ್ರ ತಿರುಗಿ ಜಾರದ ಹಾಗೆ. ಮುಂದಿನ ಗಾಡಿಗೆ ಬೇಕಾದಷ್ಟು ದೂರ ಬಿಡಿ. ಏರಿನಲ್ಲಿ ಮುಂದಿನವರು ಮೇಲೆ ಮುಟ್ಟಿದ ಮೇಲೆಯೇ ನೀವು ಶುರು ಮಾಡಿ, ನಡುವೆ ನಿಂತರೆ ಮತ್ತೆ ಎತ್ತುವುದು ಕಷ್ಟ. ಇಳಿಜಾರು ಇನ್ನೂ ಕಷ್ಟ. ಮೊದಲ ಗೇರು, ಕ್ಲಚ್ ಪೂರ್ತಿ ಬಿಟ್ಟು ಎಂಜಿನ್ನೇ ಗಾಡಿಯನ್ನು ತಡೆಯಲಿ. ಹಿಂದಿನ ಬ್ರೇಕ್ ಬೆರಳು ತಾಗಿಸಿದಷ್ಟು ಮಾತ್ರ. ಎಬಿಎಸ್ ಇದೆ ಅನ್ನುವ ಧೈರ್ಯ ಬೇಡ. ಅದು ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುತ್ತದೆ, ಗಡ್ಡೆಗೆ ಇಲ್ಲದ ಹಿಡಿತವನ್ನು ತಂದುಕೊಡುವುದಿಲ್ಲ. ಧೈರ್ಯ ಸಾಲದಿದ್ದರೆ ಇಳಿದು, ಗಾಡಿಯ ಪಕ್ಕ ನಿಂತು, ಮೊದಲ ಗೇರಿನಲ್ಲಿ ಅರ್ಧ ಕ್ಲಚ್ ಹಿಡಿದು ನಡೆಸಿಕೊಂಡು ಹೋಗಿ. ಗೆಳೆಯರು ನಕ್ಕರೆ ನಗಲಿ. ರಸ್ತೆ ಬದಿ ಉಸುಕಿನ ಗುಡ್ಡೆ ಕಂಡರೆ ಎರಡು ಬೊಗಸೆ ಚಕ್ರದ ಮುಂದೆ ಎರಚಿಕೊಳ್ಳಿ, ನಾಚಿಕೆ ಯಾಕೆ?

ಮೈ ಬೆಚ್ಚಗಿರಲಿ

ಸೊನ್ನೆ ಡಿಗ್ರಿಯಲ್ಲಿ 40 ಕಿ.ಮೀ. ವೇಗದಲ್ಲಿ ಹೋದರೆ ಮೈಗೆ ಮೈನಸ್ 7ರಷ್ಟು ಚಳಿ ತಾಗುತ್ತದೆ. ಹತ್ತಿ ಬನಿಯನ್ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ಅದನ್ನು ಮನೆಯಲ್ಲೇ ಬಿಡಿ. ಒಳಗೆ ಉಣ್ಣೆಯ ಥರ್ಮಲ್, ಮೇಲೆ ಫ್ಲೀಸ್, ಅದರ ಮೇಲೆ ಗಾಳಿ-ನೀರು ತೂರದ ಜಾಕೆಟ್. ಚಳಿಗಾಲದಲ್ಲಿ ಟಿಬೆಟಿಯನ್ನರು ಹಾಕುವ ಸ್ವೆಟರ್ ಅಂಗಡಿಯಲ್ಲಿ ಉಣ್ಣೆ ಕಾಲುಚೀಲ, ಒಳಗಿನ ತೆಳು ಗ್ಲೌಸ್ ಕೊಂಡರೆ ಕಡಿಮೆಗೆ ಮುಗಿಯುತ್ತದೆ. ಹೊರಗಿನ ಗ್ಲೌಸಿಗೆ ಮಾತ್ರ ದುಡ್ಡು ಉಳಿಸಬೇಡಿ. ಬೆರಳು ಮರಗಟ್ಟಿದರೆ ಕ್ಲಚ್ಚೂ ಇಲ್ಲ, ಬ್ರೇಕೂ ಇಲ್ಲ. ಮರಗಟ್ಟಿದ ಬೆರಳನ್ನು ಉಜ್ಜಬೇಡಿ, ಸೈಲೆನ್ಸರ್‌ಗೆ ಹಿಡಿಯಬೇಡಿ. ಸ್ಪರ್ಶ ಗೊತ್ತಾಗದ ಬೆರಳು ಸುಟ್ಟರೂ ತಿಳಿಯುವುದಿಲ್ಲ. ಕಂಕುಳಲ್ಲಿ ಇಟ್ಟುಕೊಳ್ಳಿ, ಇಲ್ಲವೇ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ. ಕಪ್ಪು ಕನ್ನಡಕ ಮರೆಯಬೇಡಿ. ಹಿಮ ಬಿಸಿಲನ್ನು ಕಣ್ಣಿಗೇ ಎಸೆಯುತ್ತದೆ.

ಸ್ಪಿತಿಯಂಥ ಎತ್ತರದಲ್ಲಿ ತಲೆನೋವು, ವಾಂತಿ ಶುರುವಾಗಿ ಹೆಚ್ಚುತ್ತಿದ್ದರೆ ಕೆಳಗಿನ ಊರಿಗೆ ಇಳಿಯಿರಿ. ಚಳಿಗೆ ಒಂದು ಪೆಗ್ ಅನ್ನುವವರ ಮಾತು ಕೇಳಬೇಡಿ.

ರಾತ್ರಿ ಗಾಡಿಯನ್ನು ಗೋಡೆಯ ಆಸರೆಗೆ, ಹಲಗೆಯ ಮೇಲೆ ನಿಲ್ಲಿಸಿ. ನಿಲ್ಲಿಸುವ ಮುಂಚೆ ಬ್ರೇಕನ್ನು ನಾಲ್ಕೈದು ಸಲ ಮೆಲ್ಲಗೆ ಹಿಡಿದು ಬಿಟ್ಟು ಒಣಗಿಸಿ, ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಪ್ಯಾಡು ಡಿಸ್ಕಿಗೆ ಅಂಟಿಕೊಂಡಿರುತ್ತದೆ. ಕೀ ತೂತಿಗೆ ಎರಡು ಹನಿ ಎಣ್ಣೆ ಬಿಡಿ. ಬೆಳಿಗ್ಗೆ ಸ್ಟಾರ್ಟ್ ಆದ ಕೂಡಲೇ ರೇಸ್ ಮಾಡದೆ ಎರಡು ನಿಮಿಷ ಸುಮ್ಮನೆ ಬಿಡಿ, ಆಯಿಲ್ ಮೇಲೇರಲಿ.

ಊರಿಗೆ ಬಂದ ಮೇಲೆ ಗಾಡಿಯನ್ನು ಅಡಿಯಿಂದ ಚೆನ್ನಾಗಿ ತೊಳೆಸಿ, ಚೈನಿಗೆ ಎಣ್ಣೆ ಹಾಕಿಸಿ. ಟಯರ್ ಗಾಳಿಯನ್ನು ಮತ್ತೆ ಕಂಪನಿ ಹೇಳಿದಷ್ಟಕ್ಕೆ ತನ್ನಿ. ಇಳಿಸಿದ ಗಾಳಿಯಲ್ಲೇ ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ ಓಡಿಸಬೇಡಿ, ಟಯರ್ ಕಾಯುತ್ತದೆ.