ಪೆನ್ಸಿಲ್ಲಲ್ಲಿ ಹಿತ್ತಾಳೆ ಚೊಂಬು ಹೊಳೆಸಿದ್ದು

ಅಜ್ಜಿಯ ಕಾಲದ ಹಿತ್ತಾಳೆ ಚೊಂಬು, ಪಕ್ಕದಲ್ಲಿ ಜುಟ್ಟು ಉಳಿಸಿ ಸುಲಿದ ತೆಂಗಿನಕಾಯಿ. ಎರಡನ್ನೂ ಕಿಟಕಿಯ ಹತ್ತಿರ ಇಟ್ಟುಕೊಂಡು ಬಿಡಿಸಲು ಕೂತೆ. ಮೊದಲ ಸಲ ಚೊಂಬು ಮಣ್ಣಿನ ಕುಡಿಕೆಯ ಹಾಗೆ ಬಂತು. ಆಕಾರ ಸರಿ, ನೆರಳೂ ಸರಿ, ಹೊಳಪು ಮಾತ್ರ ಇಲ್ಲ.

ತಪ್ಪು ಬೆರಳಿನದು. ಗೀಚಿದ ಮೇಲೆ ಬೆರಳಲ್ಲಿ ತಿಕ್ಕುವುದು ನನಗೆ ಚಿಕ್ಕಂದಿನ ಚಟ. ನುಣುಪೇನೋ ಬರುತ್ತೆ, ಆದರೆ ಕೈಯ ಜಿಡ್ಡು ಹಾಳೆಗಿಳಿದ ಜಾಗ ಆಮೇಲೆ ರಬ್ಬರಿಗೂ ಬಗ್ಗುವುದಿಲ್ಲ. ಕಪ್ಪು ಬಿಳಿ ಎಲ್ಲ ಕಲೆತು ಒಲೆ ಬೂದಿಯಾಗುತ್ತೆ.

ಕಣ್ಣು ಕಿರಿದು ಮಾಡಿ ಚೊಂಬನ್ನು ಮತ್ತೆ ನೋಡಿದೆ. ಕಂಠದ ಕೆಳಗೆ ದಟ್ಟ ಕಪ್ಪು ಪಟ್ಟಿ, ಅದಕ್ಕೆ ಅಂಟಿಕೊಂಡೇ ಹಾಳೆಯಷ್ಟು ಬಿಳಿ. ನಡುವೆ ಬೂದು ಅನ್ನುವುದೇ ಇಲ್ಲ. ಹೊಟ್ಟೆಯ ಮೇಲೆ ಕಿಟಕಿಯ ಸರಳು ಬಾಗಿ ಕೂತಿದ್ದವು, ಪಕ್ಕದಲ್ಲಿ ನನ್ನ ಅಂಗಿ. ಒಂದು ನೆಗ್ಗು ಇದ್ದ ಕಡೆ ಸರಳು ಫಕ್ಕನೆ ಮುರಿದ ಹಾಗೆ ಕಾಣುತ್ತಿತ್ತು. ಹಿತ್ತಾಳೆಗೆ ಸ್ವಂತದ್ದು ಅಂತ ಇದ್ದದ್ದೇ ಕಮ್ಮಿ, ಬಿಡಿಸಬೇಕಾದದ್ದೆಲ್ಲ ಕೋಣೆಯದ್ದು.

ಎರಡನೇ ಹಾಳೆಯಲ್ಲಿ ಬಿಳಿ ಜಾಗಗಳಿಗೆ ಗಟ್ಟಿ ಸೀಸದ, ತಿಳಿಯಾಗಿ ಗೀಚುವ ಪೆನ್ಸಿಲ್ 2ಎಚ್‌ನಿಂದ ತೆಳುವಾಗಿ ಗಡಿ ಹಾಕಿ, ಒಳಗೆ ಪೆನ್ಸಿಲ್ ಮುಟ್ಟಿಸಲೇ ಇಲ್ಲ. ಉಳಿದ ಕಡೆ ನಡುಮಟ್ಟದ ಎಚ್‌ಬಿ, ಅದರ ಮೇಲೆ ಇನ್ನಷ್ಟು ಮೆತ್ತಗಿನ, ಕಪ್ಪಾದ 2ಬಿ. ಇವುಗಳಲ್ಲೆಲ್ಲ ಕಪ್ಪಾದ 6ಬಿ ಕೊನೆಗೇ. ಮೊದಲೇ ಹಾಕಿದರೆ ಕಾಗದದ ತರಿ ತುಂಬಿಹೋಗಿ ಮೇಲೆ ಏನೂ ಹಿಡಿಯುವುದಿಲ್ಲ. ಒತ್ತಿ ತೀಡಿದರೆ ಕಪ್ಪಾಗುವ ಬದಲು ಪೆನ್ಸಿಲ್ಲಿನ ಸೀಸ, ಅಂದರೆ ಗ್ರಾಫೈಟೇ ಮಿಂಚುತ್ತೆ, ನೆರಳಿನ ಜಾಗದಲ್ಲಿ ಬೇಡದ ಮಿಂಚು. ಕಂಠದ ಕಪ್ಪಿಗೆ ಇದ್ದಿಲ ಕಡ್ಡಿ, ಅಂದರೆ ಚಾರ್‌ಕೋಲ್ ಹಚ್ಚಿ ನೋಡಿದೆ. ಗ್ರಾಫೈಟ್ ಮೆತ್ತಿದ ಮೇಲೆ ಅದು ಕೂರಲಿಲ್ಲ, ಜಾರಿತು.

ತೆಂಗಿನಕಾಯಿಯ ಜುಟ್ಟಿಗೆ ಬೇರೆ ಉಪಾಯ. ಇಂಕು ಮುಗಿದ ಬಾಲ್‌ಪೆನ್ನಿನಿಂದ ಖಾಲಿ ಹಾಳೆಯ ಮೇಲೆ ನಾರಿನ ಗೆರೆಗಳನ್ನು ಒತ್ತಿ ಎಳೆದು, ಆಮೇಲೆ 2ಬಿ ಸೀಸವನ್ನು ಮಲಗಿಸಿ ಸವರಿದೆ. ತಗ್ಗಿಗೆ ಸೀಸ ತಾಗದೆ ಎಳೆ ಎಳೆಯಾಗಿ ಬಿಳಿ ಉಳಿಯಿತು. ಒತ್ತಿದ ಗೆರೆ ಅಳಿಸಲು ಬರುವುದಿಲ್ಲ. ಅಡ್ಡ ಹೋದ ಎರಡು ಇನ್ನೂ ಹಾಗೇ ಇವೆ. ನಾರಿಗೆ ತರಿತರಿ ಕಾಗದ ಒಳ್ಳೆಯದು, ಲೋಹಕ್ಕೆ ನುಣುಪಿನದು. ನಾನು ಬಳಸಿದ ಕಾರ್ಟ್ರಿಜ್ ಹಾಳೆ (ಚಿತ್ರ ಬಿಡಿಸುವ ದಪ್ಪ ಕಾಗದ) ಎರಡಕ್ಕೂ ಹೇಗೋ ಹೊಂದಿಕೊಂಡಿತು.

ಮೂರನೇ ದಿನ ಎದ್ದು ನೋಡಿದರೆ, ಮನೆಯಲ್ಲಿ ಯಾರೋ ಚೊಂಬಿಗೆ ಹುಣಸೆಹಣ್ಣು ಹಚ್ಚಿ ಬೆಳಗಿಟ್ಟಿದ್ದಾರೆ! ಹಳೆಯ ಮಂಕೆಲ್ಲ ಹೋಗಿ ಇನ್ನೂ ನಾಲ್ಕು ಮಿಂಚು ಹುಟ್ಟಿಕೊಂಡಿದ್ದವು. ಚಿತ್ರದಲ್ಲಿ ಎಡಗಡೆ ಇರುವುದು ಹುಣಸೆಗೆ ಮೊದಲಿನ ಚೊಂಬು, ಬಲಗಡೆ ಆಮೇಲಿನದು.